ಹಿಂಬದಿ ಬೆಂಚಿನ ಇಂಗ್ಲಿಷು

ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಟಿಕೆಟ್ಟನ್ನೂ ತೆಗೆದುಕೊಂಡ ಮೇಲೂ ಮಾರುತೇಶನಿಗೆ ತಾನು ನಿಜವಾಗಿ ಹೋಗುತ್ತೇನೆ ಎಂಬ ನಂಬಿಕೆ ಬಂದಿರಲಿಲ್ಲ. ಇನ್ನೂ ಇಳಿಯಬಹುದು. ಬಸ್ಸು ಹೊರಟಿಲ್ಲ, ಡ್ರೈವರು ಕೆಳಗೆ ನಿಂತು ಚಹಾ ಕುಡಿಯುತ್ತಿದ್ದಾನೆ. ಇಳಿಯುವುದು, ಗೆಟ್ ಆಫ್. ಹತ್ತುವುದು, ಗೆಟ್ ಆನ್. ಹೊಂದಿಕೊಂಡು ಹೋಗುವುದು, ಗೆಟ್ ಆನ್ ವಿತ್. ತಪ್ಪು ಮಾಡಿಯೂ ಪೆಟ್ಟು ಬೀಳದೆ ಪಾರಾಗುವುದು, ಗೆಟ್ ಅವೇ ವಿತ್. ಹತ್ತೊಂಬತ್ತು ವರ್ಷ ಮಕ್ಕಳ ಕೈಲಿ ಒಕ್ಕೊರಲಿನಿಂದ ಹೇಳಿಸಿದ ಪಟ್ಟಿ ಈಗ ಅವನ ಅಪ್ಪಣೆಯಿಲ್ಲದೆ ತಲೆಯೊಳಗೆ ತಿರುಗುತ್ತಿತ್ತು. ಅವನು ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಪಕ್ಕಕ್ಕೆ ಬಂದು ಕೂತ ಕುರಿ ವ್ಯಾಪಾರಿಯೊಬ್ಬ ಇಸ್ತ್ರಿ ಅಂಗಿ, ಜೇಬಿನಲ್ಲಿನ ಎರಡು ಪೆನ್ನು ನೋಡಿಯೇ ಗುರುತು ಹಿಡಿದು, ‘ಏನ್ ಸಾರ್, ಬ್ಯಾಸಿಗೆ ರಜದಾಗೂ ಇಸ್ಕೂಲಾ?’ ಎಂದ. ಸುಮ್ಮನೆ ಮಾತಿಗೆ ಕೇಳಿದ್ದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಮಾರುತೇಶನ ಕೈ ತಾನಾಗಿಯೇ ತೊಡೆಯ ಮೇಲಿನ ಬ್ಯಾಗನ್ನು ಒತ್ತಿ ಹಿಡಿಯಿತು. ಬ್ಯಾಗಿನಲ್ಲಿ ಒಂದು ಇನ್ನೂರು ಪುಟದ ನೋಟ್ ಪುಸ್ತಕವಿತ್ತು. ‘ಹ್ಞೂ, ಸ್ವಲ್ಪ ಕೆಲಸ ಐತೆ’ ಎಂದು ಕಿಟಕಿಯ ಕಡೆ ತಿರುಗಿದ.

ಪಾಸಿಂಗ್ ಪ್ಯಾಕೇಜು ಎಂಬುದು ಮೇಷ್ಟ್ರುಗಳ ಪೈಕಿ ಯಾರಿಗೂ ಹೊಸದಲ್ಲ. ಹತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಬೇರೆ ಕೂರಿಸಿ, ಇಡೀ ಪುಸ್ತಕ ಬದಿಗಿಟ್ಟು, ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಉರು ಹೊಡೆಸುವುದು. ಒಂದು ಪದ್ಯ, ಒಂದು ರಜೆ ಚೀಟಿ, ಐದಾರು ಪ್ರಶ್ನೆ, ಮತ್ತು ಇಪ್ಪತ್ತೈದು ಕ್ರಿಯಾಪದಗಳು, ಅವುಗಳ ಬಾಲದಲ್ಲಿ ಆನ್, ಅಪ್, ಫಾರ್, ಆಫ್ಟರ್. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಕಳೆದ ಜುಲೈಯಲ್ಲಿ ಮಾರುತೇಶ ಎಂಟು ಹೆಸರಿನ ಪಟ್ಟಿ ಮಾಡಿದ್ದ. ಏಳು ಹೆಸರಿಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಎಂಟನೆಯದು ಶಿಲ್ಪ. ಮನೆಯಲ್ಲಿ ತೆಲುಗು ಆಡುವ, ಕುರಿ ಕಾಯುವವಳ ಮಗಳು. ಅವತ್ತು ಎಬ್ಬಿಸಿ ನಿಲ್ಲಿಸಿ, ‘ಲುಕ್ ಆಫ್ಟರ್, ಒಂದು ವಾಕ್ಯ ಹೇಳು’ ಎಂದಿದ್ದ. ಅವಳು ಬಾಯಿ ಬಿಡಲಿಲ್ಲ. ನೆಲ ನೋಡಲಿಲ್ಲ, ಅಳಲಿಲ್ಲ. ಕಪ್ಪು ಹಲಗೆಯನ್ನೇ ನೋಡುತ್ತ ನಿಂತಳು. ಆ ನಿಂತ ರೀತಿ ಅವನಿಗೆ ಹಿಡಿಸಲಿಲ್ಲ. ಹೊಟ್ಟೆಯಲ್ಲಿ ಉರಿ ಬೇರೆ ಇತ್ತು, ಬೆಳಗಿನ ಮಿರ್ಚಿಯದು. ‘ಹೋಗು, ಹಿಂದಿನ ಬೆಂಚು’ ಎಂದ. ಗಣಿತದ ಮಾಲತಿ ಮೇಡಂ ಸ್ಟಾಫ್ ರೂಮಿನಲ್ಲಿ, ‘ಸಾರ್, ಆ ಹುಡುಗಿ ನನ್ನ ಸಬ್ಜೆಕ್ಟಲ್ಲಿ ಮುಂದೈತೆ, ಇನ್ನೊಂದ್ಸಲ ನೋಡ್ರಿ’ ಎಂದಾಗ, ‘ಲೆಕ್ಕ ಬೇರೆ, ಲ್ಯಾಂಗ್ವೇಜು ಬೇರೆ ಮೇಡಂ’ ಎಂದು ದೊಡ್ಡ ಪಂಡಿತನ ಹಾಗೆ ನಕ್ಕಿದ್ದ. ಪಟ್ಟಿ ಆಗಲೇ ಮೇಲಿನ ಆಫೀಸಿಗೆ ಹೋಗಿತ್ತು. ಹೋದ ಪಟ್ಟಿಯಿಂದ ಒಂದು ಹೆಸರು ತೆಗೆಯಬೇಕಾದರೆ ತಪ್ಪಾಯಿತು ಎಂದು ಬರೆಯಬೇಕು. ಒಂದು ಹೆಸರಿಗಾಗಿ ಯಾರು ಬರೆಯುತ್ತಾರೆ?

ಫಲಿತಾಂಶ ಬಂದಾಗ ಶಾಲೆಗೆ ನೂರಕ್ಕೆ ನೂರು. ಎಂಟೂ ಜನ ಪಾಸು. ಮುಖ್ಯೋಪಾಧ್ಯಾಯಿನಿ ತಿಪ್ಪೇರುದ್ರಮ್ಮ ಅವನಿಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ ಫೋಟೋ ತೆಗೆಸಿದರು. ಫೋಟೋದಲ್ಲಿ ಅವನು ನಗುತ್ತಿದ್ದಾನೆ. ಶಿಲ್ಪಳಿಗೆ ಗಣಿತದಲ್ಲಿ ಎಂಬತ್ತೆಂಟು, ವಿಜ್ಞಾನದಲ್ಲಿ ಎಂಬತ್ತೊಂದು, ಇಂಗ್ಲಿಷಿನಲ್ಲಿ ಮೂವತ್ತೊಂಬತ್ತು. ಆ ಮೂವತ್ತೊಂಬತ್ತನ್ನು ನೋಡಿ ಅವನಿಗೆ ಏನೂ ಅನ್ನಿಸಿರಲಿಲ್ಲ. ಪ್ಯಾಕೇಜಿನವರಿಗೆ ಅದು ಒಳ್ಳೆಯ ಅಂಕವೇ. ಯಾವುದೋ ಕಾಲೇಜಿಗೆ ವಿಜ್ಞಾನ ಕೇಳಿಕೊಂಡು ಹೋದವಳಿಗೆ, ‘ಎಲ್ಲಾ ಇಂಗ್ಲಿಷಲ್ಲೇ ಇರ್ತದಮ್ಮ, ನಿನ್ನ ಕೈಲಾಗಲ್ಲ’ ಎಂದು ವಾಪಸ್ಸು ಕಳಿಸಿದರಂತೆ. ಸೋಮವಾರದಿಂದ ಗಾರ್ಮೆಂಟ್ಸಿನ ವ್ಯಾನಿಗೆ ಹೆಸರು ಕೊಟ್ಟಿದ್ದಾಳಂತೆ. ಇದನ್ನು ಹೇಳಿದ್ದೂ ಮಾಲತಿ ಮೇಡಮ್ಮೇ, ನಿನ್ನೆ, ಶಾಲೆಯ ಬೀರು ಖಾಲಿ ಮಾಡುವಾಗ. ಹೇಳಿ ಅವರು ಮನೆಗೆ ಹೋದರು. ರದ್ದಿಯವನಿಗೆ ಹಾಕಲು ಕಟ್ಟಿದ್ದ ಪುಸ್ತಕಗಳಲ್ಲಿ ಒಂದನ್ನು, ಖಾಲಿ ಹಾಳೆ ಇದ್ದರೆ ಹರಿದುಕೊಳ್ಳೋಣವೆಂದು, ಅವನು ಎಳೆದುಕೊಂಡ. ಪ್ಯಾಕೇಜ್ ಮಕ್ಕಳ ಪುಸ್ತಕಗಳನ್ನು ಪರೀಕ್ಷೆ ಮುಗಿದ ಮೇಲೆ ಸಂಗ್ರಹಿಸಿ ಇಡುವುದು ವಾಡಿಕೆ, ಸಾಹೇಬರು ಬಂದರೆ ತೋರಿಸಲಿಕ್ಕೆ. ಹೊರಗಿನ ರಟ್ಟಿನ ಮೇಲೆ ಶಿಲ್ಪಳ ಹೆಸರು, ಕೆಳಗೆ ಅವನದೇ ಸಹಿ ಇತ್ತು. ಒಳಗಿನದನ್ನು ಅವನು ಒಂದು ದಿನವೂ ತೆರೆದು ನೋಡಿರಲಿಲ್ಲ.

ಬಸ್ಸು ಹೊರಟಿತು. ತಳಕಿನ ದಾರಿಯ ಎರಡೂ ಕಡೆ ಉತ್ತು ಬಿಟ್ಟ ಕೆಂಪು ನೆಲ ಮಳೆಗೆ ಕಾಯುತ್ತಿತ್ತು, ದೂರದ ಗುಡ್ಡದ ಮೇಲೆ ಗಾಳಿ ಗಿರಣಿಗಳು ನಿಂತೂ ನಿಲ್ಲದ ಹಾಗೆ ತಿರುಗುತ್ತಿದ್ದವು. ಅವನು ಬ್ಯಾಗಿನಿಂದ ಪುಸ್ತಕ ಹೊರಗೆ ತೆಗೆಯಲಿಲ್ಲ. ತೆಗೆಯುವ ಅಗತ್ಯವಿರಲಿಲ್ಲ, ನಿನ್ನೆಯಿಂದ ಎಷ್ಟು ಸಲ ಓದಿದ್ದನೆಂದರೆ ಅಕ್ಷರ ಬಾಗಿದ ಕಡೆಗಳೂ ನೆನಪಿದ್ದವು. ಇಪ್ಪತ್ತೈದಲ್ಲ, ನೂರಾ ಹನ್ನೆರಡು ಕ್ರಿಯಾಪದಗಳು. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಕೆಳಗೆ ಕನ್ನಡದಲ್ಲಿ, ಅದರ ಕೆಳಗೆ ಕನ್ನಡದ ಅಕ್ಷರದಲ್ಲೇ ತೆಲುಗು. ಅವನು ಕೊಟ್ಟ ವಾಕ್ಯ ಒಂದೂ ಇಲ್ಲ. ರಾಮ, ಸೀತಾ, ಪಾರ್ಕು, ರೈಲು, ಯಾವುದೂ ಇಲ್ಲ. ಮೈ ಮದರ್ ಲುಕ್ಸ್ ಆಫ್ಟರ್ ಅದರ್ ಪೀಪಲ್ಸ್ ಶೀಪ್. ನಮ್ಮವ್ವ ಬೇರೆಯವರ ಕುರಿ ನೋಡಿಕೊಳ್ಳುತ್ತಾಳೆ. ರನ್ ಔಟ್ ಆಫ್: ಹಟ್ಟಿಯ ಟ್ಯಾಂಕಿನಲ್ಲಿ ನೀರು ಮುಗಿದು ಹೋಯಿತು, ಮಾತು ಮುಗಿಯಲಿಲ್ಲ. ಗಿವ್ ಅಪ್: ಅಪ್ಪ ಕುಡಿಯುವುದನ್ನು ಬಿಟ್ಟಿದ್ದ, ಮತ್ತೆ ಬಿಡುವುದನ್ನು ಬಿಟ್ಟ. ಇದನ್ನು ಓದಿದಾಗ ಅವನು ಶಾಲೆಯ ಖಾಲಿ ಕೋಣೆಯಲ್ಲಿ ಒಬ್ಬನೇ ನಕ್ಕುಬಿಟ್ಟಿದ್ದ. ನಗು ಗಂಟಲಲ್ಲಿ ಇರುವಾಗಲೇ ಮುಂದಿನ ಪುಟ. ಪುಟ್ ಅಪ್ ವಿತ್, ಸಹಿಸಿಕೊಳ್ಳುವುದು. ಸಾರ್ ಪುಟ್ಸ್ ಅಪ್ ವಿತ್ ಸ್ಟಮಕ್ ಪೇನ್. ವೀ ಪುಟ್ ಅಪ್ ವಿತ್ ಸಾರ್. ಸಾರ್ ಹೊಟ್ಟೆನೋವನ್ನು ಸಹಿಸಿಕೊಳ್ಳುತ್ತಾರೆ, ನಾವು ಸಾರನ್ನು ಸಹಿಸಿಕೊಳ್ಳುತ್ತೇವೆ.

ತನ್ನ ಹೊಟ್ಟೆಯುರಿಯ ವಿಷಯ ಮನೆಯಲ್ಲಿ ಹೆಂಡತಿಗೂ ಅವನು ಸರಿಯಾಗಿ ಹೇಳಿರಲಿಲ್ಲ. ಮೇಜಿನ ಅಂಚಿಗೆ ಹೊಟ್ಟೆ ಒತ್ತಿ ನಿಂತು ಪಾಠ ಮಾಡುವುದು ಅವನ ಅಭ್ಯಾಸ, ಅದು ಗತ್ತೆಂದು ಮಕ್ಕಳು ತಿಳಿದಿದ್ದಾರೆ ಎಂದುಕೊಂಡಿದ್ದ. ಅವಳು ನೋಡಿದ್ದಾಳೆ. ಕೊನೆಯ ಬೆಂಚಿನಿಂದ, ಬಾಯಿ ಬಿಡದೆ. ಅವಳು ಅವನನ್ನು ಅಷ್ಟು ನೋಡಿದ್ದಾಳೆ, ಅವನು ಅವಳನ್ನು ನೋಡಿದ್ದು ಒಂದೇ ಸಲ, ಜುಲೈಯಲ್ಲಿ, ಅರ್ಧ ನಿಮಿಷ. ಬಯ್ದಿದ್ದರೂ ಆಗುತ್ತಿತ್ತು. ವಾಕ್ಯದಲ್ಲಿ ಸಿಟ್ಟಿಲ್ಲದಿರುವುದೇ ಅವನಿಗೆ ತಾಳಲಾಗಲಿಲ್ಲ. ನಾಚಿಕೆಯಾಯಿತು, ಬರೀ ನಾಚಿಕೆ, ಅದಕ್ಕೆ ಬೇರೆ ಹೆಸರಿಡುವ ಹಾಗಿರಲಿಲ್ಲ.

ಅವನ ಸ್ವಂತ ಇಂಗ್ಲಿಷಾದರೂ ಏನು? ನಾಯಕನಹಟ್ಟಿಯ ಶಾಲೆಯಲ್ಲಿ ಅವನ ಮೇಷ್ಟ್ರು ಹೀಗೆಯೇ ಬೆತ್ತದ ತಾಳಕ್ಕೆ ಹೇಳಿಸಿದ್ದರು, ಕಾಲ್ ಆನ್ ಭೇಟಿ ಮಾಡು, ಕಾಲ್ ಆಫ್ ರದ್ದು ಮಾಡು. ಅದನ್ನೇ ಅವನು ದಾಟಿಸಿದ. ಕನ್ನಡದಲ್ಲಿ ಈ ಗೊಡವೆಯಿಲ್ಲ. ‘ಅಲ್ಲಿ’, ‘ಇಂದ’, ‘ಗೆ’, ಎಲ್ಲವೂ ಹೆಸರಿನ ಬೆನ್ನಿಗೆ ಅಂಟಿಕೊಂಡು ಹೇಳಿದ ಮಾತು ಕೇಳುತ್ತವೆ. ಇಂಗ್ಲಿಷಿನವು ಬಿಡಿಯಾಗಿ ನಿಂತ ಪುಡಿ ಪದಗಳು, ಕಣ್ಣಿಗೂ ಕಾಣಿಸುವುದಿಲ್ಲ, ಆದರೆ ಒಂದನ್ನು ಎತ್ತಿ ಇನ್ನೊಂದನ್ನು ಇಟ್ಟರೆ ಇಡೀ ಕ್ರಿಯೆಯೇ ಬೇರೆ ಕಡೆ ತಿರುಗಿಬಿಡುತ್ತದೆ. ಅವುಗಳನ್ನು ಕಂಡರೆ ಅವನಿಗೆ ಒಳಗೊಳಗೇ ಭಯ. ಎರಡು ವರ್ಷದ ಹಿಂದೆ ಗಾಳಿ ಗಿರಣಿಯ ರೆಕ್ಕೆ ಹೊತ್ತ ಉದ್ದನೆಯ ಲಾರಿ ಶಾಲೆಯ ಹತ್ತಿರದ ಬಿ.ಜಿ. ಕೆರೆಯ ತಿರುವಿನಲ್ಲಿ ಸಿಕ್ಕಿಕೊಂಡು, ಅದರ ಜೊತೆಗಿದ್ದ ಉತ್ತರದ ಕಡೆಯ ಎಂಜಿನಿಯರು ಚಹಾದಂಗಡಿಗೆ ಬಂದು ಇಂಗ್ಲಿಷಿನಲ್ಲಿ ದಾರಿ ಕೇಳಿದ್ದ. ಅಂಗಡಿಯಲ್ಲಿದ್ದವರೆಲ್ಲ ಹೆಮ್ಮೆಯಿಂದ, ‘ನಮ್ಮ ಇಂಗ್ಲಿಷ್ ಸಾರ್ ಅವ್ರೆ, ಕೇಳ್ರಿ’ ಎಂದು ಮಾರುತೇಶನನ್ನು ಮುಂದೆ ತಳ್ಳಿದರು. ಆನ್ ಎನ್ನಬೇಕೋ, ಇನ್ ಎನ್ನಬೇಕೋ, ಅಟ್ ಎನ್ನಬೇಕೋ ಎಂಬ ಲೆಕ್ಕದಲ್ಲಿ ಅವನ ಬಾಯಿ ಕಟ್ಟಿಹೋಯಿತು. ‘ಯೆಸ್, ಯೆಸ್’ ಎಂದ. ಕೊನೆಗೆ ಅಂಗಡಿಯ ಪಾತಮ್ಮ ಸಾರಣಿಸುತ್ತಿದ್ದ ಬಟ್ಟೆ ಕೈಲಿ ಹಿಡಿದೇ ಹೊರಗೆ ಬಂದು, ‘ಸೀದಾ ಜಾವ್, ಪುಲ್ ಕೆ ಬಾದ್ ಲೆಫ್ಟು’ ಎಂದು ಕೈ ತಿರುಗಿಸಿ ತೋರಿಸಿದಳು. ಲಾರಿ ಹೋಯಿತು. ಯಾರೂ ಏನೂ ಅನ್ನಲಿಲ್ಲ, ಅವನ ಚಹಾಕ್ಕೆ ಅವತ್ತು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಹಾಗಾದರೆ ಜುಲೈಯಲ್ಲಿ ಬಾಯಿ ಬಿಡದೆ ನಿಂತ ಹುಡುಗಿಯಲ್ಲಿ ಅವನಿಗೆ ಹಿಡಿಸದೆ ಹೋದದ್ದು ಏನು? ಅವನು ಹೊಟ್ಟೆಯುರಿಯ ಮಾತ್ರೆಯೊಂದನ್ನು ನೀರಿಲ್ಲದೆ ಅಗಿದ.

ಫೋನು ಹೊಡೆದುಕೊಂಡಿತು. ತಿಪ್ಪೇರುದ್ರಮ್ಮ. ಬೆಳಗ್ಗೆ ಏಳು ಗಂಟೆಗೇ ಅವನು ಅವರಿಗೆ ವಿಷಯ ಹೇಳಿದ್ದ: ಎರಡನೆಯ ಪರೀಕ್ಷೆಯನ್ನು ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಸರು ಸೇರಿಸಲು ಇವತ್ತು ಸಂಜೆ ಐದೂವರೆ ಕೊನೆ, ಶಿಲ್ಪಳ ಹೆಸರು ಸೇರಿಸಬೇಕು.

‘ಮಾರುತೇಶ್, ನಾನು ಯೋಚ್ನೆ ಮಾಡ್ದೆ,’ ಎಂದರು. ‘ಪಾಸಾದ ಮಗೀನ ಯಾಕ್ರಿ ಮತ್ತೆ ಎಬ್ಬಿಸ್ತೀರಾ? ಪ್ಯಾಕೇಜಿನ ಹುಡುಗಿ. ಬರೆದು ಇನ್ನೇನ್ ತಗೀತಾಳೆ?’

‘ಅವಳು ಪ್ಯಾಕೇಜಿನ ಹುಡುಗಿ ಅಲ್ಲ ಮೇಡಂ.’

‘ಲಿಸ್ಟಲ್ಲಿ ಐತಲ್ರಿ. ನೀವೇ ಸೈನ್ ಹಾಕಿದ್ದು.’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ‘ನೋಡ್ರಿ, ಇಂಪ್ರೂವ್‌ಮೆಂಟಿಗೆ ಆ ಹೆಸ್ರು ಹಾಕಿದ್ರೆ ಮೇಲಿನೋರು ಕೇಳೇ ಕೇಳ್ತಾರೆ. ಎಂಬತ್ತೆಂಟು ತಗಂಡೋಳನ್ನ ಯಾರು ಹಿಂದಿನ ಬೆಂಚಿಗೆ ಹಾಕಿದ್ದು ಅಂತ. ನಾನಂತೂ ನನ್ ಕೊರಳಿಗೆ ಕಟ್ಕೊಳಲ್ಲ. ತಪ್ಪು ನಂದು ಅಂತ ನೀವು ಕೈಬರಹದಾಗೆ ಬರೆದು ಕೊಡ್ರಿ, ತಾಯಿ ಒಪ್ಪಿಗೆ ತರ್ರಿ, ಐದರೊಳಗೆ. ಇಲ್ಲಾಂದ್ರೆ ಬಿಡ್ರಿ. ಬಿಟ್ರೂ ಯಾರಿಗೂ ಗೊತ್ತಾಗಲ್ಲ.’

ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಅವನು ಇಳಿಯಬೇಕಾದ ಕೊಂಡ್ಲಹಳ್ಳಿ ಬರುವವರೆಗೆ ಅವನ ಜೊತೆಯಲ್ಲೇ ಕೂತಿತ್ತು. ಎಷ್ಟು ಆರಾಮಿನ ಮಾತು. ಆಟೋ ಸಿಗದಿರಲಿ ಎಂದು ಅವನ ಮನಸ್ಸಿನ ಒಂದು ಮೂಲೆ ಬೇಡಿಕೊಂಡದ್ದೂ ನಿಜ. ಆಟೋ ನಿಂತೇ ಇತ್ತು. ಶಿಲ್ಪಳ ಹಟ್ಟಿಯ ಮುಂದೆ ಇಳಿದಾಗ ಎರಡು ಗಂಟೆಯ ಬಿಸಿಲು ನೆತ್ತಿಗೆ ಬಡಿಯಿತು. ಹುಣಸೆ ಮರದ ಕೆಳಗೆ ಏಳೆಂಟು ಹೆಂಗಸರು ಗೋಣಿ ಚೀಲ ಹಾಸಿಕೊಂಡು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು. ಮಿಷನ್ನಿಗೆ ಕೊಟ್ಟರೆ ಬೀಜ ಒಡೆಯುತ್ತದೆ, ಸಿಪ್ಪೆ ತರಚುತ್ತದೆ, ಮೊಳಕೆ ಬರುವುದಿಲ್ಲ. ಅದಕ್ಕೇ ಬಿತ್ತನೆಯದನ್ನು ಈಗಲೂ ಕೈಯಿಂದಲೇ ಸುಲಿಯಬೇಕು, ಕಾಯಿಯ ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿ, ಟಪ್ ಎನ್ನಿಸಿ. ಆ ಟಪ್ ಟಪ್ ಸದ್ದು ಅವನನ್ನು ಕಂಡು ಒಂದು ಕ್ಷಣ ನಿಂತಿತು. ಶಿಲ್ಪ ಎದ್ದು ನಿಂತಳು. ಶಾಲೆಯ ಸಮವಸ್ತ್ರವಿಲ್ಲದೆ, ಅವ್ವನ ಹಳೆಯ ಟವೆಲ್ಲನ್ನು ತಲೆಗೆ ಕಟ್ಟಿಕೊಂಡು, ಅವನ ಎತ್ತರಕ್ಕೆ ಬಂದಿದ್ದಳು. ಅವಳ ತಾಯಿ ಯರ್ರಮ್ಮ ಮಡಿಲಿನ ಸಿಪ್ಪೆ ಕೊಡವುತ್ತ, ‘ಅಮ್ಮಾಯ್, ಸಾರು ಬಂದಾರೆ, ನೀರು ತಾ’ ಎಂದು, ಒಂದು ತುಂಬಿದ ಚೀಲವನ್ನೇ ಅವನಿಗೆ ಕೂರಲು ಎಳೆದು ಕೊಟ್ಟಳು.

ಕೂತ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳು ಒಂದೂ ಇರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿ, ಮುಂದಿದ್ದ ರಾಶಿಯಿಂದ ಒಂದು ಕಾಯಿ ತೆಗೆದು ಸುಲಿದ, ಬೀಜವನ್ನು ಅರಿವಿಲ್ಲದೆ ಬಾಯಿಗೆ ಹಾಕಿಕೊಂಡ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದಲ್ಲಿದ್ದ ಮುದುಕಿ ಮೂಗಮ್ಮ ತಡೆಯಲಾರದೆ, ‘ಸಾರೂ, ಬಿತ್ತನೆ ಬೀಜ ತಿನ್ನಬಾರ್ದು ನೋಡ್ರಿ, ಸಾವ್ಕಾರ ಕಂಡ್ರೆ ನಮ್ಮ ಕೂಲಿ ಮುರೀತಾನೆ’ ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಗಿದದ್ದನ್ನು ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಅವನು ನುಂಗಿದ. ಶಿಲ್ಪ ತಂದ ನೀರು ಅದಕ್ಕೆ ಉಪಯೋಗಕ್ಕೆ ಬಂತು. ಅವಳು ಮಾತ್ರ ನಗಲಿಲ್ಲ.

‘ಯರ್ರಮ್ಮ, ನಾನೊಂದು ತಪ್ಪು ಮಾಡಿದೀನಿ. ಅದನ್ನ ಹೇಳಾಕೆ ಬಂದೆ.’

‘ಅಯ್ಯೋ, ಏಂಟಿ ಸಾರು, ಬಿಡ್ರಿ. ಒಂದು ಕಾಳು ತಿಂದ್ರೆ ಏನಾತು.’

‘ಅದಲ್ಲ.’ ನೀರಿನ ಲೋಟ ಕೆಳಗಿಟ್ಟ. ‘ನಿಮ್ ಹುಡುಗೀನ ದಡ್ಡರ ಸಾಲಿಗೆ ಹಾಕಿದ್ದೆ. ಅವಳು ದಡ್ಡಿ ಅಲ್ಲ. ನಾನು ಸರಿಯಾಗಿ ನೋಡ್ಲಿಲ್ಲ. ನನ್ನಿಂದಾನೇ ಅವಳಿಗೆ ಇಂಗ್ಲಿಷಲ್ಲಿ ಅಷ್ಟು ಕಡಿಮೆ ಬಂದಿದ್ದು. ಕಾಲೇಜಿನೋರು ವಾಪಸ್ ಕಳ್ಸಿದ್ದೂ ನನ್ನಿಂದಾನೇ.’

ಹೇಳಿದ್ದಾಯಿತು. ಏನೋ ಬೀಳುತ್ತದೆ ಎಂದು ಅವನು ಭುಜ ಬಿಗಿ ಹಿಡಿದು ಕಾದ. ಯರ್ರಮ್ಮ ಅವನನ್ನೇ ನೋಡಿದಳು, ಆಮೇಲೆ ಎರಡೂ ಕೈ ಮುಗಿದಳು. ‘ದೊಡ್ಡೋರು ಹಂಗನ್ನಬಾರ್ದು. ನಮ್ ವಂಶದಾಗೆ ಹತ್ತನೇ ಕ್ಲಾಸು ಪಾಸಾದೋರು ಯಾರಿದ್ರು? ನೀವು ದಾಟಿಸಿದ್ರಿ. ಇಸ್ಕೂಲ್ ಹತ್ರ ಬಂದು ಕಾಯಿ ಒಡೀಬೇಕು ಅಂತಿದ್ದೆ, ನೀವೇ ಬಂದ್ರಿ.’ ಬಯ್ಗುಳಕ್ಕೆ ಸಿದ್ಧನಾಗಿ ಬಂದವನಿಗೆ ಮುಗಿದ ಕೈ ಎದುರಾದರೆ ಏನು ಮಾಡಬೇಕು? ‘ನಾನು ದಾಟಿಸ್ಲಿಲ್ಲ ಕಣಮ್ಮ, ಅಡ್ಡ ನಿಂತಿದ್ದೆ’ ಎಂದ. ಅವಳಿಗೆ ಅದು ದೊಡ್ಡವರ ವಿನಯವೆಂದೇ ಕಂಡಿತು. ತಪ್ಪು ಒಪ್ಪಿಕೊಳ್ಳಲಿಕ್ಕೂ ಎದುರಿಗಿರುವವರ ಒಪ್ಪಿಗೆ ಬೇಕು ಎಂಬುದು ಮಾರುತೇಶನಿಗೆ ಗೊತ್ತಿರಲಿಲ್ಲ. ಅವನು ಬ್ಯಾಗಿನಿಂದ ಪುಸ್ತಕ ತೆಗೆದು ಶಿಲ್ಪಳ ಕಡೆ ಚಾಚಿ, ‘ಇದು ನೀನೇ ಬರ್ದಿದ್ದಲ್ವಾ?’ ಎಂದ.

ಅವಳು ಉತ್ತರ ಕೊಡುವ ಮೊದಲೇ ಮೂಗಮ್ಮ ಕುತ್ತಿಗೆ ಉದ್ದ ಮಾಡಿ ನೋಡಿ, ‘ಇದಾ! ಇದು ನಮ್ ಮಾಲನ ಕೈಲೂ ಇತ್ತು, ಎಲ್ಲರ ಮನೇಲೂ ಒಂದೊಂದು ದಿನ ಇರ್ತಿತ್ತು’ ಎಂದಳು. ಮಾಲಾ ಅವಳ ಮೊಮ್ಮಗಳು, ಆ ಎಂಟರಲ್ಲಿ ಒಬ್ಬಳು. ‘ಇದೇ ಮರದ ಕೆಳಗೆ ಸಾರು, ದಿನಾ ಸಂಜೆ, ಏಳು ಮಂದೀನ ಕೂರಿಸ್ಕಂಡು ಈಕಿ ಹೇಳಿಕೊಡ್ತಿದ್ಲು. ನಮ್ ಮಾಲಂಗೆ ಹಗಲೆಲ್ಲಾ ನೀವು ಹೇಳಿದ್ದು ತಲೇಗೆ ಹೋಗ್ತಿರ್ಲಿಲ್ಲ, ಸಂಜೆ ಈಕಿ ಹೇಳಿದ್ರೆ ಹೋಗ್ತಿತ್ತು. ಕೇಳಿ ಕೇಳಿ ನಂಗೂ ಬಂದೈತೆ ನೋಡ್ರಿ.’ ಅವಳು ಕಡಲೆಕಾಯಿ ಕೆಳಗಿಟ್ಟು, ಸೊಂಟ ಹಿಡಿದು ಎದ್ದು, ಹುಬ್ಬಿನ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು ಬಯಲಿನ ಉದ್ದಗಲ ಕಣ್ಣು ಹಾಯಿಸಿ, ಕಳೆದುಹೋದ ಮರಿಯನ್ನು ಹುಡುಕುವವಳ ಹಾಗೆ ನಾಲ್ಕು ಹೆಜ್ಜೆ ಹಾಕಿ, ‘ಲುಕ್ಕು ಫಾರು!’ ಎಂದಳು. ಹೆಂಗಸರು ಮತ್ತೆ ನಕ್ಕರು. ಒಬ್ಬಳು ಸೆರಗು ಹೊದ್ದು ‘ಪುಟ್ ಆನು’ ಎಂದಳು, ಇನ್ನೊಬ್ಬಳು ಅದನ್ನು ಎಳೆದು ‘ಟೇಕ್ ಆಫು’ ಎಂದಳು. ಗದ್ದಲವೇ ಆಯಿತು. ಮಾರುತೇಶ ಚೀಲದ ಮೇಲೆ ಕೂತೇ ಇದ್ದ. ನೂರಕ್ಕೆ ನೂರು. ಏಲಕ್ಕಿ ಹಾರ, ಶಾಲು, ಫೋಟೋ, ಅದರಲ್ಲಿ ನಗುವ ಮುಖ. ಆ ಏಳು ಜನ ಪಾಸಾದದ್ದು ಇಲ್ಲಿ, ಈ ನೆಲದ ಮೇಲೆ. ಶಾಲು ಈಗ ಮೈಮೇಲಿಲ್ಲದಿದ್ದರೂ ಅದರ ಸೆಕೆ ಕುತ್ತಿಗೆಯ ಸುತ್ತ ಹತ್ತಿಕೊಂಡಂತಾಯಿತು.

‘ಇಷ್ಟೆಲ್ಲಾ ಬರ್ತಿತ್ತು. ಪರೀಕ್ಷೇಲಿ ಯಾಕೆ ಬರೀಲಿಲ್ಲ?’ ಎಂದ. ದನಿ ಮೇಷ್ಟ್ರ ದನಿಯಾಗಿಬಿಟ್ಟಿತ್ತು, ಗದರಿದ ಹಾಗೆ. ತನಗೇ ಅದು ಕೇಳಿಸಿ ಹೇಸಿಗೆಯಾಯಿತು.

‘ನೀವೇ ಹೇಳಿದ್ರಲ್ಲ ಸಾರ್,’ ಎಂದಳು ಶಿಲ್ಪ. ಅವಳ ದನಿ ಇಷ್ಟು ಹೊತ್ತಿಗೆ ಮೊದಲ ಸಲ ಕೇಳಿದ್ದು. ತಗ್ಗಿದ, ಸ್ವಲ್ಪ ಒಡಕು ದನಿ. ‘ಪ್ಯಾಕೇಜಲ್ಲಿ ಇಲ್ದೇ ಇರೋದು ಬರೆದ್ರೆ ಪೇಪರ್ ನೋಡೋರಿಗೆ ಸಿಟ್ಟು ಬರ್ತದೆ, ಇರೋ ಮಾರ್ಕ್ಸೂ ಕಟ್ ಮಾಡ್ತಾರೆ ಅಂತ. ಅದುಕ್ಕೇ ಅಷ್ಟೇ ಬರೆದು ಬಿಟ್ಟೆ. ಒಂದು ಗಂಟೆ ಟೈಮ್ ಉಳೀತು.’

ಹೇಳಿದ್ದ. ಪ್ರತಿ ವರ್ಷ ಹೇಳುತ್ತಿದ್ದ. ಮಕ್ಕಳು ಗೊತ್ತಿಲ್ಲದ್ದನ್ನು ಗೀಚಿ ಸಮಯ ಹಾಳು ಮಾಡಬಾರದು ಎಂದು ಕಟ್ಟಿದ ಹಸೀ ಸುಳ್ಳು ಅದು, ಹೇಳಿ ಹೇಳಿ ಅವನಿಗೂ ನಿಜವಿರಬಹುದು ಅನ್ನಿಸುವಷ್ಟು ಹಳೆಯದಾಗಿತ್ತು. ಒಂದು ಗಂಟೆ. ಗೊತ್ತಿರುವ ಉತ್ತರಗಳ ಮುಂದೆ, ಪೆನ್ನಿನ ಮುಚ್ಚಳ ಹಾಕಿ, ಒಂದು ಗಂಟೆ ಕೈ ಕಟ್ಟಿ ಕೂತಿದ್ದಾಳೆ, ಏಕೆಂದರೆ ಸಾರ್ ಹೇಳಿದ್ದಾರೆ. ಉಳಿದವರು ಯಾರಾದರೂ ಅವನ ಮಾತನ್ನು ಅಷ್ಟು ಪೂರ್ತಿ ನಂಬಿದ್ದರೇ? ಹೆಂಡತಿ ನಂಬಿಲ್ಲ, ತಿಪ್ಪೇರುದ್ರಮ್ಮ ನಂಬಿಲ್ಲ, ಅವನೇ ನಂಬಿಲ್ಲ.

‘ಅದು ಸುಳ್ಳು,’ ಎಂದ. ‘ಯಾರೂ ಕಟ್ ಮಾಡಲ್ಲ. ನಾನು ಹೇಳಿದ್ದು ಸುಳ್ಳು.’

ಕಡಲೆಕಾಯಿಯ ಸದ್ದು ಈ ಸಲ ಪೂರ್ತಿ ನಿಂತಿತು. ಯರ್ರಮ್ಮ ಮಗಳ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಮುಗಿದಿದ್ದ ಕೈ ಮಡಿಲಿಗೆ ಇಳಿಯಿತು. ಆಮೇಲೆ, ‘ಒಂದು ಗಂಟೆ ಸುಮ್ಕೆ ಕೂತಿದ್ಲಾ ನನ್ ಮಗಳು?’ ಎಂದು ಯಾರನ್ನೂ ನೋಡದೆ ಕೇಳಿದಳು. ಈಗ ಅವಳಿಗೆ ಅರ್ಥವಾಗಿದೆ ಎಂದು ಮಾರುತೇಶನಿಗೆ ತಿಳಿಯಿತು. ಅವನಿಗೆ ಬೇಕಾಗಿದ್ದದ್ದೂ ಇದೇ, ಆದರೆ ಬಂದಾಗ ಅದು ಹಗುರ ಮಾಡಲಿಲ್ಲ.

ಗಂಟೆ ಮೂರಾಗಿತ್ತು. ಅವನು ಎರಡನೆಯ ಪರೀಕ್ಷೆಯ ವಿಷಯ ಹೇಳಿದ. ಅಂಕ ಹೆಚ್ಚು ಬಂದರೆ ಅದೇ ಉಳಿಯುತ್ತದೆ, ಕಡಿಮೆ ಬಂದರೆ ಹಳೆಯದೇ ಇರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ, ಇವತ್ತೇ ಹೆಸರು ಸೇರಿಸಬೇಕು. ಯರ್ರಮ್ಮ, ‘ಸೋಮವಾರ ವ್ಯಾನು ಬರ್ತೈತೆ. ಹೆಸ್ರು ಕೊಟ್ಟೀವಿ’ ಎಂದಳು, ಮೊದಲಿನ ‘ಸಾರು’, ಕೈ ಮುಗಿಯುವುದು ಯಾವುದೂ ಇಲ್ಲದೆ. ‘ವ್ಯಾನಿನೋರಿಗೆ ನಾನು ಹೇಳ್ತೀನಿ’ ಎಂದ. ‘ನೀವು ಹೇಳೋದು ಬ್ಯಾಡ, ನಾನೇ ಹೇಳ್ತೀನಿ’ ಎಂದಳು. ಅಂದರೆ ಒಪ್ಪಿಗೆಯೋ? ಅವಳು ಮಗಳ ಕಡೆ ತಿರುಗಿ ತೆಲುಗಿನಲ್ಲಿ ಏನೋ ಕೇಳಿದಳು. ಶಿಲ್ಪ ಚಿಕ್ಕದಾಗಿ ಏನೋ ಹೇಳಿದಳು. ಇಷ್ಟು ವರ್ಷ ಈ ಗಡಿ ಹಳ್ಳಿಗಳ ಮಕ್ಕಳಿಗೆ ಪಾಠ ಮಾಡಿಯೂ ಅವನಿಗೆ ತೆಲುಗು ಸರಿಯಾಗಿ ತಿಳಿಯುವುದಿಲ್ಲ. ಇಬ್ಬರ ತುಟಿಗಳನ್ನೇ ನೋಡುತ್ತ, ತನ್ನ ಸರದಿಗೆ ಕಾಯುವ ದಡ್ಡ ಹುಡುಗನ ಹಾಗೆ ಕೂತ.

ಯರ್ರಮ್ಮ ಕೈ ಒರೆಸಿಕೊಂಡು, ‘ಎಲ್ಲಿ ಒತ್ತಬೇಕು ಹೆಬ್ಬೆಟ್ಟು?’ ಎಂದಳು.

ಒಪ್ಪಿಗೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಬಿತ್ತು. ಅದೇ ಗೋಣಿ ಚೀಲದ ಮೇಲೆ ಹಾಳೆ ಇಟ್ಟುಕೊಂಡು ಮಾರುತೇಶ ತನ್ನ ಪತ್ರವನ್ನೂ ಬರೆದ, ಕನ್ನಡದಲ್ಲಿ. ಸದರಿ ವಿದ್ಯಾರ್ಥಿನಿಯನ್ನು ಪರಿಶೀಲಿಸದೆ, ಎಂದು ಶುರು ಮಾಡಿ, ಹೊಡೆದು ಹಾಕಿದ. ಹೊಸ ಹಾಳೆಯಲ್ಲಿ, ನಾನು ಈ ಹುಡುಗಿಯನ್ನು ಅರ್ಧ ನಿಮಿಷ ನೋಡಿ ಹಿಂದಿನ ಬೆಂಚಿಗೆ ಕಳಿಸಿದೆ, ತಪ್ಪು ನನ್ನದು, ಎಂದು ಬರೆದು ಸಹಿ ಹಾಕಿದ. ಚೀಲದೊಳಗಿನ ಕಾಯಿಗಳ ಉಬ್ಬಿಗೆ ಅಕ್ಷರಗಳೆಲ್ಲ ಸೊಟ್ಟಗಾದವು. ಇದಕ್ಕೆ ನೋಟಿಸು ಬರಬಹುದು, ಸ್ಟಾಫ್ ರೂಮಿನಲ್ಲಿ ಮಾತು ಬರಬಹುದು. ಬರಲಿ. ಬರೆದು ಮುಗಿಸಿದಾಗ ಮೊದಲ ಸಲ ಮನಸ್ಸಿಗೆ ಏನೋ ಒಂದು ಉತ್ಸಾಹ ಬಂತು, ಮಾಡಿದ್ದನ್ನು ತಿದ್ದಬಹುದು ಎಂಬ ಉತ್ಸಾಹ. ಪರೀಕ್ಷೆಗೆ ಹದಿನೈದು ದಿನ ಇದೆ. ರಜೆಯೇ ಇದೆ. ಅವಳಿಗೆ ಆಗಲೇ ಬರುವುದಕ್ಕೆ ಸ್ವಲ್ಪ ದಾರಿ ತೋರಿಸಿದರೆ ಸಾಕು, ತೊಂಬತ್ತು ಎಲ್ಲಿಗೂ ಹೋಗುವುದಿಲ್ಲ. ಆಟೋದವನಿಗೆ ಫೋನು ಮಾಡಿ, ಪತ್ರಗಳನ್ನು ಬ್ಯಾಗಿಗೆ ಹಾಕಿಕೊಂಡು ಎದ್ದ. ಶಿಲ್ಪ ರಸ್ತೆಯವರೆಗೆ ಜೊತೆಗೆ ಬಂದಳು. ಅವಳು ಬಂದದ್ದು ಅವನಿಗೆ ಸಂತೋಷವಾಯಿತು, ಕ್ಷಮಿಸಿದ್ದಾಳೆ ಎಂದುಕೊಂಡ.

‘ನಾಳೆಯಿಂದ ದಿನಾ ಬರ್ತೀನಿ,’ ಎಂದ. ‘ಬೆಳಿಗ್ಗೆ ಮೊದಲ್ನೇ ಬಸ್ಸಿಗೆ. ಎರಡು ಗಂಟೆ ಕೂತ್ರೆ ಪುಸ್ತಕ ಪೂರ್ತಿ ಮುಗಿಸ್ಬಹುದು. ನಾನೇ ಹೇಳ್ಕೊಡ್ತೀನಿ.’

ಶಿಲ್ಪ ನಿಂತಳು. ಜುಲೈಯಲ್ಲಿ ಕಪ್ಪು ಹಲಗೆಯನ್ನು ನೋಡಿದ ಹಾಗೆ, ನೆಟ್ಟಗೆ, ಅವನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು.

‘ಬ್ಯಾಡ ಸಾರ್,’ ಎಂದಳು. ‘ನೀವು ಹೇಳ್ಕೊಟ್ರೆ ನಾನು ನೀವು ಹೇಳಿದ್ದಷ್ಟೇ ಬರೀತೀನಿ.’

ಆಟೋ ಬಂದು ನಿಂತಿತು. ಅವನು ತಲೆಯಾಡಿಸಿ ಹತ್ತಿ ಕೂತ. ಐದಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು. ಶಾಲೆಗೆ ಬೇಗ ಹೋಗಪ್ಪ ಎಂದ.